ತೂತಿಲ್ಲದ ಎಲೆ

ಸಿಪ್ಪೆಯ ಡ್ರಮ್ಮಿಗೆ ಮೊಣಕೈವರೆಗೆ ಕೈ ಹಾಕಿ ಕೋಸಣ್ಣ ಒಂದು ಎಲೆಯನ್ನು ಹೊರಗೆಳೆದ. ಬೆಳಕಿಗೆ ಹಿಡಿದ.

"ನೋಡಕ್ಕಾ. ಒಂದೂ ತೂತಿಲ್ಲ. ನನ್ನ ಕೋಸಿನೆಲೆ ಜರಡಿ ಥರ ಇರುತ್ತೆ. ಇದು ಕನ್ನಡಿ ಥರ ಇದೆ."

ಬುಟ್ಟಿಯಕ್ಕನಿಗೆ ತಲೆ ಚಿಟ್ಟು ಹಿಡಿಯಿತು. ಮತ್ತೆ ಅದೇ.

ವಸತಿ ಕಟ್ಟಡದ ಕೆಳಗೆ, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಅವಳೇ ಕಟ್ಟಿದ ಕೂಟ ಅದು. ಊರಂಚಿನ ರೈತರು ವಿಷ ಸಿಂಪಡಿಸದೆ ಬೆಳೆದ ತರಕಾರಿ ಬೆಳಿಗ್ಗೆ ಇಲ್ಲಿಗೆ ಬರುತ್ತಿತ್ತು. ಮನೆಮನೆಯವರು ಬಂದು ಬುಟ್ಟಿ ಒಯ್ಯುತ್ತಿದ್ದರು. ಕೂಟಕ್ಕೆ ಇದ್ದದ್ದು ಒಂದೇ ಕಟ್ಟಳೆ. ಬುಟ್ಟಿಯಲ್ಲಿ ಹೋದದ್ದರ ಸಿಪ್ಪೆ ಡ್ರಮ್ಮಿಗೆ ಮರಳಬೇಕು, ಬೇರೆ ಯಾವ ಸಿಪ್ಪೆಯೂ ಬೀಳಕೂಡದು. ಕೋಸಣ್ಣನ ಹೊಲಕ್ಕೆ ಅದೇ ಗೊಬ್ಬರ. ಮಣ್ಣಿನಿಂದ ಬಂದದ್ದು ಮಣ್ಣಿಗೆ.

ಈಗ ಯಾರೋ ಅಂಗಡಿಯ ಕೋಸು ತಿಂದು ಅದರ ಎಲೆಯನ್ನು ಇಲ್ಲಿ ಹಾಕುತ್ತಿದ್ದರು. ಪರೀಕ್ಷೆಗೆ ಬಂದವರು ಕೋಸಣ್ಣನ ಗೊಬ್ಬರದಲ್ಲಿ ವಿಷ ಕಂಡಿದ್ದರು. ಇನ್ನೊಮ್ಮೆ ಕಂಡರೆ ಅವನ ಸಾವಯವದ ಮನ್ನಣೆ ಹೋದಂತೆಯೇ. ಅವನು ಕೈಬಿಟ್ಟರೆ ಉಳಿದ ರೈತರೂ ಅವನ ಹಿಂದೆ, ಕೂಟಕ್ಕೆ ಬೀಗ.

"ಸಂಜೆ ಇದೇ ದಾರೀಲಿ ವಾಪಸ್ ಹೋಗ್ತೀನಿ," ಅಂದ ಕೋಸಣ್ಣ. "ಯಾವ ಮನೆ ಅಂತ ಹೇಳಿ. ಇಲ್ಲಾಂದ್ರೆ ನನ್ನ ಗಾಡಿ ಇನ್ನು ಈ ಕಡೆ ತಿರುಗಲ್ಲ."

"ಯಾರೇ ಆಗಿರಲಿ, ಆ ಮನೆ ಕೂಟದಿಂದ ಆಚೆ," ಅಂದಳು, ಮೆಟ್ಟಿಲ ಮೇಲಿದ್ದವರಿಗೂ ಕೇಳುವಂತೆ. "ಮುಖ ನೋಡಲ್ಲ ನಾನು. ನನ್ನ ಮಾತು ಅಂದ್ರೆ ಮಾತು."

ಮೆಟ್ಟಿಲ ಮೇಲಿದ್ದದ್ದು ಅವಳ ಅತ್ತೆ. ಮನೆಯ ಪಾಲಿನ ಬುಟ್ಟಿ ಎತ್ತಿಕೊಳ್ಳಲು ಬಂದಿದ್ದರು. ಅವರ ತುಟಿಯಲ್ಲಿ ಸದಾ ಒಂದು ಪದ್ಯ ಇರುತ್ತಿತ್ತು. ಅದು ನಡುವೆಯೇ ನಿಂತಿತು.

"ಅಷ್ಟು ಬಿರುಸಾಗ್ಬೇಡ ಮಗಳೇ. ಪಾಪ, ಅವರಿಗೂ ಏನು ಕಷ್ಟವೋ."

"ನಿಮಗೆ ಇರುವೆಯೂ ಪಾಪವೇ ಅತ್ತೆ. ಬುಟ್ಟಿ ಭಾರ ಇದೆ, ನಾನೇ ತರ್ತೀನಿ ಬಿಡಿ."

ಅವಳ ಅನುಮಾನ ಮೇಲಿನ ಮನೆಯ ನಿವೃತ್ತ ಪೊಲೀಸರ ಮೇಲೆ. ಪ್ರತಿ ಸಲವೂ ಬುಟ್ಟಿಯೊಳಗೆ ಇಣುಕಿ, "ಏನಮ್ಮಾ, ಇವತ್ತೂ ಕೋಸಿನ ಜೊತೆ ಹುಳದ ಮಾಂಸ ಪುಕ್ಕಟೆನಾ?" ಎಂದು ನಗುತ್ತಿದ್ದವರು ಅವರೇ. ಬುಟ್ಟಿಯನ್ನು ಮನೆಯಲ್ಲಿಟ್ಟವಳೇ ಹೋಗಿ ಅವರ ಬಾಗಿಲು ಬಡಿದಳು.

"ಓಹೋ, ಶೋಧನೆಗೆ ಬಂದ್ರಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಪೈಕಿ ನಾನಲ್ಲ. ಒಳಗೆ ಬನ್ನಿ!"

ಅಡುಗೆಕಟ್ಟೆಯ ಮೇಲೆ ಹಲಗೆ. ಹಲಗೆಯ ಮೇಲೆ ಅರ್ಧ ಹೆಚ್ಚಿದ ಕೋಸು, ಜರಡಿಯಂಥ ಎಲೆ. ಪಕ್ಕದ ಬಟ್ಟಲಿನ ಉಪ್ಪುನೀರಿನಲ್ಲಿ ಸತ್ತು ತೇಲುವ ಹಸಿರು ಹುಳಗಳು.

"ಬೈತೀನಿ, ತಿಂತೀನಿ," ಅಂದರು ಪೊಲೀಸರು. "ಹೆಂಡತಿ ಇದ್ದಾಗಲೂ ಹೀಗೇ ಮಾಡ್ತಿದ್ದೆ."

ಅವಳಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಬಾಗಿಲಲ್ಲಿ ಒಂದು ಬಿಳಿ ಚಿಟ್ಟೆ ಅವಳ ಮೂಗು ಸವರಿಕೊಂಡು ಹೋಯಿತು.

"ಈ ವರ್ಷ ನಮ್ಮ ಕಟ್ಟಡಕ್ಕೇ ಚಿಟ್ಟೆ ಕಾಟ," ಅಂದರು ಅವರು. "ಹೂವಿನ ಗಿಡ ಒಂದೂ ಇಲ್ಲ. ಎಲ್ಲಿಂದ ಬರ್ತಾವೋ!"

ಇನ್ನುಳಿದ ಬಾಗಿಲುಗಳನ್ನೂ ತಟ್ಟಿದಳು. ಒಂದು ಮನೆಯಲ್ಲಿ ನಕ್ಕರು, ಇನ್ನೊಂದರಲ್ಲಿ ಸಿಡುಕಿದರು. ಒಬ್ಬಾಕೆ, "ಮೊದಲು ಹುಳ ಇಲ್ಲದ್ದು ಕೊಡ್ರೀ, ಆಮೇಲೆ ತನಿಖೆ ಮಾಡಿ," ಎಂದು ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿಕೊಂಡಳು. ಕೋಸಿನೆಲೆ ಎಲ್ಲರ ಮನೆಯಲ್ಲೂ ತೂತುತೂತೇ. ಬಿಸಿಲು ಇಳಿಯತೊಡಗಿತು.

ಸೋತು ಮನೆಗೆ ಬಂದಾಗ ಅತ್ತೆ ತಟ್ಟೆ ಹಾಕಿದರು. ಕೋಸನ್ನು ಎಳೆಎಳೆಯಾಗಿ ಹೆಚ್ಚಿ ಹದವಾಗಿ ಬೇಯಿಸಿದ್ದರು. ಒಂದು ತುತ್ತಿಗೇ ಅವಳ ಕಣ್ಣು ತುಂಬಿ ಬಂತು.

"ಇದಕ್ಕೇ ಅತ್ತೆ ನಾನು ಬಡಿದಾಡೋದು. ಕಣ್ಣು ಕಟ್ಟಿ ತಿನ್ನಿಸಿದ್ರೂ ಹೇಳ್ತೀನಿ, ಇದು ವಿಷ ಕಾಣದ ಮಣ್ಣಿನ ರುಚಿ. ಅಂಗಡೀದಕ್ಕೆ ಈ ರುಚಿ ಎಲ್ಲಿ?"

ಅತ್ತೆ ಇನ್ನೊಂದು ಸೌಟು ಬಡಿಸಿದರು.

"ಆ ಪೊಲೀಸರ ಬಟ್ಟಲಲ್ಲಿ ಎಷ್ಟು ಹುಳ ಗೊತ್ತಾ? ನಿಮಗೂ ಸಿಗುತ್ತಾ?"

"ನನ್ನ ಕೈಯಲ್ಲಿ ಇವತ್ತಿನವರೆಗೂ ಒಂದೂ ಸತ್ತಿಲ್ಲ," ಅಂದರು ಅತ್ತೆ.

ಕೈ ತೊಳೆದು ಬರುವಷ್ಟರಲ್ಲಿ ಅತ್ತೆ ಬಟ್ಟೆಯ ಚೀಲ ಹಿಡಿದು ನಿಂತಿದ್ದರು. ದಿನಾ ಸಂಜೆ ಪ್ರಾರ್ಥನೆಗೆಂದು ತಾರಸಿಗೆ ಹೋಗುವಾಗ ಒಯ್ಯುತ್ತಿದ್ದ ಚೀಲ.

"ಇವತ್ತು ಮಂಡಿ ಏಳ್ತಿಲ್ಲ. ಇದನ್ನ ನೀರಿನ ತೊಟ್ಟಿ ಹಿಂದೆ ಇಟ್ಟು ಬಾ. ಹಸ್ಕೊಂಡಿರ್ತಾವೆ."

ಪಾರಿವಾಳಗಳಿಗೆ ಇರಬೇಕು. ಇಂಥ ಹೊತ್ತಿನಲ್ಲಿ ಪಾರಿವಾಳ! ರೇಗಿಹೋಯಿತು. ಆದರೂ ಚೀಲ ಇಸಿದುಕೊಂಡಳು. ಬೆಳಿಗ್ಗೆ ಸಲೀಸಾಗಿ ಮೆಟ್ಟಿಲು ಇಳಿದು ಬಂದಿದ್ದ ಅತ್ತೆ ಈಗ ಗೋಡೆ ನೋಡುತ್ತಿದ್ದರು.

"ಮಗಳೇ," ಅಂದರು, "ಮಕ್ಕಳು ತುಂಬಿದ ಮನೆಗೆ ಯಾರಾದ್ರೂ ಕತ್ತಿ ಹಾಕ್ತಾರಾ?"

"ಏನೇನೋ ಹೇಳ್ತೀರಿ!"

ತಾರಸಿ ಹತ್ತಿದಳು. ತೊಟ್ಟಿಯ ಹಿಂದೆ ಬಾಗಿದಳು. ಬಿಳಿ ಚಿಟ್ಟೆಗಳು ಗುಂಪಾಗಿ ಮೇಲೆದ್ದವು. ಗೋಡೆಗೊರಗಿ ಕೋಸುಗಳ ಸಾಲು. ಹಳೆಯವು ಬರೀ ನಾರಿನ ಬಲೆ, ಹೊಸವುಗಳಲ್ಲಿ ಹಸಿರು ಹುಳಗಳು ನಿಶ್ಚಿಂತೆಯಿಂದ ಮೇಯುತ್ತಿದ್ದವು. ಒಂದೊಂದರ ಬುಡದಲ್ಲೂ ಕೋಸಣ್ಣ ಕಟ್ಟುವ ಬಾಳೆನಾರಿನ ಗಂಟು. ಚೀಲ ಬಿಚ್ಚಿದಳು. ಅವಳೇ ಬೆಳಿಗ್ಗೆ ಮನೆಗೆ ಹೊತ್ತು ತಂದಿದ್ದ ಜರಡಿಯಂಥ ಕೋಸು ಇಡಿಯಾಗಿ ಇತ್ತು.

ನಾಲಿಗೆಯ ಮೇಲೆ ಊಟದ ಕೋಸಿನ ರುಚಿ ಇನ್ನೂ ಆರಿರಲಿಲ್ಲ.

ಕೆಳಗೆ ಗಾಡಿ ನಿಂತ ಸದ್ದಾಯಿತು. "ಅಕ್ಕಾ," ಕೋಸಣ್ಣ ಕೂಗಿದ, "ಆ ಮನೆ ಯಾವುದು, ಗೊತ್ತಾಯ್ತಾ?"