ಪಟ್ಟಿಯಲ್ಲಿದ್ದ ಮೂರನೆಯದು

ಸಪನಾ ಬಿಚ್ಚಿ ತೋರಿಸುತ್ತಿದ್ದ ಹಸಿರು ಸೀರೆಯ ಸೆರಗು ಫೋನಿನ ಪರದೆಯ ಮೇಲೆ ಅರ್ಧಕ್ಕೇ ನಿಂತುಬಿಟ್ಟಿತು. ನೋಡುತ್ತಿದ್ದ ನಲವತ್ತೆರಡು ಮಂದಿ ಗಿರಾಕಿಗಳು ಕಣ್ಣೆದುರೇ ಹನ್ನೊಂದಕ್ಕೆ ಇಳಿದರು. ಇಚಲಕರಂಜಿಯ ಪೇಟೆಯಿಂದ ಸೀರೆ ತಂದು, ಮನೆಯಿಂದಲೇ ಲೈವ್ ಹಚ್ಚಿ ಮಾರುವುದು ಅವಳ ವ್ಯಾಪಾರ. ಎರಡು ತಿಂಗಳಿಂದ ಬೆಳಗಿನ ಹತ್ತು ದಾಟಿತೆಂದರೆ ನೆಟ್ ಹೀಗೇ ಕೈಕೊಡುತ್ತಿತ್ತು. ಅವಳು ನೆಟ್ ಜೋಡಿಸಿಕೊಟ್ಟಿದ್ದ ಕೇಬಲ್ ವೈಭವನಿಗೆ ಫೋನ್ ಹಚ್ಚಿದಳು.

"ವೈನಿ, ಲೈನ್ ಬರೋಬರ ಐತ್ರಿ. ರೌಟರ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ."

"ಹತ್ತ ಸಲ ಮಾಡೇನಿ. ಎಂಟಕ್ಕ ಕುದರಿಗತೆ ಓಡತೈತಿ, ಹತ್ತಾತಂದ್ರ ಕುಂಟತೈತಿ."

"ಹಂಗಾರ ಮತ್ತ್ಯಾರೋ ನಿಮ್ಮ ವೈಫೈ ಹಚ್ಕೊಂಡಾರ. ರೌಟರ್ ಹಿಂದ ಚೀಟಿ ಐತಿ ನೋಡ್ರಿ, ಅದರಾಗಿನ ನಂಬರ್ ಹಾಕಿದ್ರ ಸೆಟ್ಟಿಂಗ್ ತೆರಿತೈತಿ. ಯಾರ್ಯಾರು ಜೋಡಿಸ್ಯಾರ ಅಂತ ಪಟ್ಟಿ ಬರತೈತಿ."

ಧೂಳು ಒರೆಸಿ, ಚೀಟಿಯ ನಂಬರು ಹಾಕಿ ತೆರೆದಳು. ಪಟ್ಟಿಯಲ್ಲಿ ಮೂರಿದ್ದವು. ಒಂದು ಅವಳ ಫೋನು, ಇನ್ನೊಂದು ಟಿವಿ. ಗಂಡ ಯುವರಾಜ ತನ್ನ ಫೋನು ಕಿಸೆಯಲ್ಲಿಟ್ಟುಕೊಂಡೇ ಮಗ್ಗದ ಪಾಳಿಗೆ ಹೋಗಿದ್ದ. ಮೂರನೆಯದಕ್ಕೆ ಹೆಸರಿರಲಿಲ್ಲ, ಬರೀ ಅಂಕಿ, ಅಕ್ಷರ. ದೀಪಾವಳಿಯಲ್ಲಿ ಕೆಳಗಿನ ಮನೆಯ ಕಾಜಲ ನಕ್ಕೋತ ಬಂದು ಪಾಸ್‌ವರ್ಡ್ ಹಾಕಿಸಿಕೊಂಡು ಹೋದದ್ದು ನೆನಪಾಯಿತು. ‘ಇವಳದೇ ಕೆಲಸ’ ಎಂದುಕೊಂಡು ಸಪನಾ ಪಾಸ್‌ವರ್ಡ್ ಬದಲಿಸಿದಳು. ಮತ್ತೆ ಲೈವ್ ಹಚ್ಚಿದರೆ ನೀರು ಹರಿದಂತೆ ನಡೆಯಿತು. ಮುಕ್ಕಾಲು ತಾಸಿನಲ್ಲಿ ಒಂದು ಸಲವೂ ನಿಲ್ಲಲಿಲ್ಲ.

ಮಾರಾಟವಾದ ಸೀರೆಗಳಿಗೆ ಫಾಲ್ ಹಚ್ಚಲು ಕೊಡೋಣವೆಂದು ಹಿಂದಿನ ಕೋಣೆಗೆ ಬಂದಳು. ಅತ್ತೆ ಬಾಳಕ್ಕನ ಕೈಯಲ್ಲಿ ಸೂಜಿ ಇರಲಿಲ್ಲ. ಯುವರಾಜ ಕೊಟ್ಟಿದ್ದ ಹಳೆಯ ಫೋನನ್ನು ಸೆರಗಿನಿಂದ ಒರೆಸುತ್ತ, ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಸಪನಾ, ಇದು ಯಾಕ ಕರ್ರಗಾತು ನೋಡವಾ. ನಮ್ಮಕ್ಕ ಕಾಣವಲ್ಲಳು."

ಗಡಹಿಂಗ್ಲಜದ ಹತ್ತಿರ ನೂಲ ಊರಿನಲ್ಲಿದ್ದ ಅತ್ತೆಯ ಅಕ್ಕ ಮಲಕವ್ವನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಎಲ್ಲಾ ನಿಂತು ಎರಡು ತಿಂಗಳಾಗಿತ್ತು. ಅದು ಸಪನಾಗೆ ಗೊತ್ತಿತ್ತು. ಗೊತ್ತಿಲ್ಲದ್ದು ಇದು: ಹತ್ತಕ್ಕೆ ಮಲಕವ್ವನ ಮಗ ಸೊಸೆ ಹೊಲಕ್ಕೆ ಹೊರಡುವಾಗ ವಿಡಿಯೋ ಕಾಲ್ ಹಚ್ಚಿ, ಫೋನನ್ನು ಅವಳ ಮಗ್ಗುಲಿಗೆ ನಿಲ್ಲಿಸಿ ಹೋಗುತ್ತಿದ್ದರು. ಅವರು ಮಧ್ಯಾಹ್ನ ಉಣ್ಣಲು ಬರುವವರೆಗೂ ಬಾಳಕ್ಕ ಇಲ್ಲಿ ಫಾಲ್ ಹೊಲಿಯುತ್ತ ಅದನ್ನೇ ನೋಡುತ್ತ ಕೂತಿರುತ್ತಿದ್ದಳು.

"ಆಕೀ ಮಾತಾಡಂಗಿಲ್ಲ, ನಾನೂ ಮಾತಾಡಂಗಿಲ್ಲ. ನೀರ ಬೇಕಾದ್ರ ಎಡಗೈ ಎತ್ತತಾಳ. ಆಕೀ ಬಾಜೂಮನಿ ರುತುಜಾಗ ನಾ ಗುಂಡಿ ಫೋನಿನಿಂದ ಹೇಳತೇನಿ. ಇವತ್ತ ರುತುಜಾನೂ ಎತ್ತವಲ್ಲಳು."

"ಇಷ್ಟೊತ್ತನಕ ಯಾಕ ಸುಮ್ಮ ಕುಂತ್ರಿ ಅತ್ತಿ? ನನ್ನ ಕರೀಬೇಕಿಲ್ಲ?"

"ನಿನ್ನ ಯಾಪಾರ ನಡದಿತ್ತು. ನಡುವ ಹೆಂಗ ಬರಲಿ?"

ಸಪನಾ ಆ ಫೋನು ಇಸಕೊಂಡಳು; ಪಟ್ಟಿಯಲ್ಲಿದ್ದ ಮೂರನೆಯದು ಇದೇ. ದಿನಾ ಇದೇ ಮನೆಯಲ್ಲಿ ಓಡಾಡುತ್ತಿದ್ದರೂ, ಆ ಪಟ್ಟಿ ನೋಡುವಾಗ ಅತ್ತೆಯದೂ ಒಂದು ಫೋನಿದೆಯೆಂಬುದು ಅವಳಿಗೆ ಹೊಳೆದೇ ಇರಲಿಲ್ಲ. ಅದಕ್ಕೆ ಹೊಸ ಪಾಸ್‌ವರ್ಡ್ ಹಾಕಿ ನೂಲಕ್ಕೆ ಕರೆ ಹಚ್ಚಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಎತ್ತುವವರಾದರೂ ಯಾರು? ರುತುಜಾಳಿಗೆ ತನ್ನ ಫೋನಿನಿಂದ ಹಚ್ಚಿದಳು. ನಾಲ್ಕನೆಯ ಸಲಕ್ಕೆ ಎತ್ತಿದ ಆಕೆ, "ಅರಬಿ ಒಗ್ಯಾಕ ಹೋಗಿದ್ನಿರಿ, ಈಗ ಓಡಿ ನೋಡತೇನಿ" ಎಂದಳು. ಅತ್ತೆ, ಸೊಸೆ ನೆಲಕ್ಕೆ ಕೂತು ಕಾದರು. ಗಿರಾಕಿಯೊಬ್ಬಳ ಕರೆ ಬಂದರೆ ಸಪನಾ ಎತ್ತಲಿಲ್ಲ.

ಕೊನೆಗೆ ಪರದೆ ಬೆಳಗಿತು. ಮಲಕವ್ವ ಇದ್ದಲ್ಲೇ ಇದ್ದಳು, ಆದರೆ ಕೆನ್ನೆ, ದಿಂಬು ಎರಡೂ ತೊಯ್ದಿದ್ದವು. "ನೀರ ಕೊಟ್ರ ಒಲ್ಲೆ ಅಂತ ಮಾರಿ ತಿರುವಾಕತ್ತಾರ್ರಿ. ಫೋನಿನ ಕಡೇನ ಕೈ ಮಾಡಿ ಅಳಾಕತ್ತಾರ" ಎಂದಳು ರುತುಜಾ.

ಬಾಳಕ್ಕ ಮುಖವನ್ನು ಗಾಜಿಗೆ ತಾಗುವಷ್ಟು ಹತ್ತಿರ ತಂದಳು. "ಯಕ್ಕಾ, ಇಲ್ಲೇ ಅದೇನಿ, ನನಗೇನೂ ಆಗಿಲ್ಲ." ಆಮೇಲೆ ಸೊಸೆಯ ಕಡೆ ತಿರುಗಿದಳು. "ನನಗ ಏನರ ಆತೋ ಏನೋ ಅಂತ ಅಂಜ್ಯಾಳ, ಹುಚ್ಚಿ."

ಸಪನಾ ಅತ್ತೆಗೆ ಎಲ್ಲವನ್ನೂ ಹೇಳಿದಳು, ಪಾಸ್‌ವರ್ಡ್ ಬದಲಿಸಿದ್ದು ತಾನೇ ಎಂಬುದನ್ನೂ. ಗಿರಾಕಿಗಳಿಗೆ ಅಂದೇ ಸಂದೇಶ ಹೋಯಿತು: ನಾಳೆಯಿಂದ ಲೈವ್ ಮಧ್ಯಾಹ್ನ ಎರಡಕ್ಕೆ.

ಮರುದಿನ ಹತ್ತೂವರೆಗೆ ಅತ್ತೆಗೆ ಚಹಾ ಕೊಡಲು ಬಂದವಳು ಹಾಗೇ ಬಾಗಿ ಫೋನಿನೊಳಗೆ ಇಣುಕಿದಳು. ಮಲಕವ್ವ ಎಡಗೈಯ ಎರಡು ಬೆರಳನ್ನು ಹಾಸಿಗೆಯ ಮೇಲೆ ತಟ್ಟತೊಡಗಿದಳು.

"ಏನಂತಾರ್ರಿ ಅತ್ತಿ?"

ಬಾಳಕ್ಕ ದಾರ ಕಡಿಯುತ್ತ ನಕ್ಕಳು. "ಕುಂಡ್ರು ಅನ್ನಾಕತ್ತಾಳ. ಮನಿಗಿ ಬಂದವರನ್ನ ನಿಂದರಿಸಿ ಮಾತಾಡಸಬಾರದಂತ."