ನಲವತ್ತು ಚೀಲ ಸಿಮೆಂಟು

“ಆ ಸಿಮೆಂಟಿನ ಕತಿ ಇನ್ನೊಂದ್ ಸಲ ಹೇಳ್ ಕಾಂಬ,” ಎಂದಳು ವನಜ, ಮೀನು ಕೊಯ್ಯುವುದನ್ನು ನಿಲ್ಲಿಸಿ.

ಮಗಳು ಧನ್ಯಶ್ರೀ ಮರುದಿನ ಕಾಲೇಜಿನಲ್ಲಿ ಮಾಡಬೇಕಿದ್ದ ಸೆಮಿನಾರನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು: ದಕ್ಷಿಣ ಕೊರಿಯಾದ ಆರ್ಥಿಕ ಬೆಳವಣಿಗೆಯಲ್ಲಿ ಸರ್ಕಾರದ ಪಾತ್ರ. ಯೋಜನೆ, ರಫ್ತು, ಹಣದುಬ್ಬರ, ನಿರುದ್ಯೋಗ ಎಲ್ಲವೂ ತಾಯಿಯ ಕಿವಿಯ ಪಕ್ಕದಿಂದ ಹಾದುಹೋಗಿದ್ದವು. ಇದೊಂದು ಮಾತ್ರ ನಿಂತಿತು. ಧನ್ಯಶ್ರೀ ಪುಸ್ತಕ ಮಡಚಿಟ್ಟು ಹೇಳಿದಳು. ಐವತ್ತು ವರ್ಷಗಳ ಹಿಂದೆ ಅಲ್ಲಿನ ಸರ್ಕಾರ ಒಂದೊಂದು ಹಳ್ಳಿಗೂ ಮುನ್ನೂರ ಮೂವತ್ತೈದು ಚೀಲ ಸಿಮೆಂಟು ಪುಕ್ಕಟೆ ಕೊಟ್ಟಿತಂತೆ. ಯಾರೂ ಮನೆಗೆ ಒಯ್ಯುವ ಹಾಗಿಲ್ಲ, ಊರಿಗೆ ಬೇಕಾದ್ದನ್ನು ಊರವರೇ ಸೇರಿ ಕಟ್ಟಿಕೊಳ್ಳಬೇಕು. ಕಟ್ಟಿಕೊಂಡ ಹಳ್ಳಿಗೆ ಮರುವರ್ಷ ಇನ್ನಷ್ಟು ಸಿಮೆಂಟು, ಜೊತೆಗೆ ಕಬ್ಬಿಣ. ಸುಮ್ಮನೆ ಕೂತ ಹಳ್ಳಿಗೆ ಏನೂ ಇಲ್ಲ.

ಮರುದಿನ ಕಿರಿಮಂಜೇಶ್ವರದಲ್ಲಿ ನಾಡದೋಣಿಯ ಮೀನು ಮಾರಿ ಮುಗಿಸಿದವಳೇ ವನಜ ತನ್ನ ಊರಿನ ಪಂಚಾಯತಿಗೆ ಹೋದಳು. ಅವರ ಕೇರಿ ಇದ್ದದ್ದು ಕಡಲ ಕರೆಯಲ್ಲಿ. ಅಲ್ಲಿಂದ ಡಾಂಬರು ರಸ್ತೆಗೆ ಬರಲು ಇನ್ನೂರು ಅಡಿ ಜವುಗು ದಾಟಬೇಕು. ಮಳೆಗಾಲದಲ್ಲಿ ಬುಟ್ಟಿ ಹೊತ್ತ ಹೆಂಗಸರು ಮೊಣಕಾಲಿನವರೆಗೆ ಹೂತುಹೋಗುತ್ತಿದ್ದರು. ಹೋದ ವರ್ಷ ಅಲ್ಲೇ ಜಾರಿ ಸೊಂಟ ಮುರಿದುಕೊಂಡ ವನಜಳ ಅತ್ತೆ ಮತ್ತೆ ಹಾಸಿಗೆಯಿಂದ ಏಳಲಿಲ್ಲ. ಅದಾದ ಮೇಲೆ ಒಂದು ಕಾಂಕ್ರೀಟು ದಾರಿ ಮಂಜೂರಾಯಿತು. ಮಾರ್ಚಿನಲ್ಲಿ ಜಲ್ಲಿ, ಮರಳು ಬಂದು ಬಿತ್ತು. ನಲವತ್ತು ಚೀಲ ಸಿಮೆಂಟು ಮೀನು ಒಣಗಿಸುವ ಶೆಡ್ಡಿನೊಳಗೆ ಕೂತಿತು. ಗುತ್ತಿಗೆದಾರ ಮಾತ್ರ ಮತ್ತೆ ಆ ಕಡೆ ಮುಖ ಹಾಕಲಿಲ್ಲ.

ಪಂಚಾಯತಿಯಲ್ಲಿದ್ದ ಎಂಜಿನಿಯರ್ ಪ್ರಖ್ಯಾತ್ ಮೆತ್ತಗೆ ಮಾತಾಡುವ ಹುಡುಗ. ಎಲ್ಲದರ ಬೆಲೆಯೂ ಏರಿದೆ, ಹಳೆಯ ದರಕ್ಕೆ ಗುತ್ತಿಗೆದಾರ ಒಪ್ಪುತ್ತಿಲ್ಲ, ಹೊಸ ಅಂದಾಜು ಮೇಲಿನಿಂದ ಮಂಜೂರಾಗಿ ಬರಬೇಕು, ಏನಿದ್ದರೂ ಮಳೆ ಕಳೆದ ಮೇಲೆ ಎಂದು ವಿವರಿಸಿದ. ಅಷ್ಟರೊಳಗೆ ಸಿಮೆಂಟು ಕಲ್ಲಾದರೆ ಎಂದು ವನಜ ಕೇಳಿದಳು. ಹಾಳಾಯಿತೆಂದು ಬರೆಯಲು ಅವಕಾಶವಿದೆ ಎಂದ.

ಗಂಡ ಭೋಜ ಮನೆಯಲ್ಲೇ ಇದ್ದ. ಜೂನ್ ಒಂದರಿಂದ ಯಾಂತ್ರಿಕ ಮೀನುಗಾರಿಕೆ ಬಂದ್ ಆಗಿ, ಬೋಟುಗಳನ್ನೆಲ್ಲ ಗಂಗೊಳ್ಳಿ ಬಂದರಿನಲ್ಲಿ ಕಟ್ಟಿಹಾಕಿದ್ದರು. ಆಗಸ್ಟಿನವರೆಗೆ ಕೇರಿಯ ಗಂಡಸರಿಗೆ ಕೆಲಸವಿರಲಿಲ್ಲ. ತೆಂಗಿನ ಮರದಡಿ ಬೆಳಗಿನಿಂದ ಇಸ್ಪೀಟು ನಡೆಯುತ್ತಿತ್ತು. ಆ ಸಿಮೆಂಟಿನಿಂದ ಕೇರಿಯವರೇ ಸೇರಿ ದಾರಿ ಮಾಡಿಕೊಳ್ಳೋಣ ಎಂದು ವನಜ ಹೇಳಿದಾಗ ಭೋಜ ಹೆದರಿದ.

“ಸರ್ಕಾರದ್ ಸಿಮೆಂಟ್ ಮುಟ್ರೆ ಕೇಸ್ ಆತ್ತ್, ಮಾರಾಯ್ತಿ.”

“ಶೆಡ್ಡಲ್ಲೇ ಕಲ್ಲಾಯಿ ಹೋರೆ ಯಾರ್ ಮೇಲೆ ಕೇಸ್ ಆತ್ತ್?”

ಭೋಜ ಎದ್ದು ತೆಂಗಿನ ಮರದಡಿಗೆ ನಡೆದ. ಮರುದಿನ ಬೆಳಕು ಹರಿಯುವಾಗ ವನಜ ಒಬ್ಬಳೇ ಶೆಡ್ಡಿಗೆ ಹೋಗಿ ಒಂದು ಚೀಲವನ್ನು ಹೊರಗೆ ಎಳೆದಳು. ನೆಲಕ್ಕೆ ತಾಗಿ ಕೂತಿದ್ದ ಎರಡು ಚೀಲ ಆಗಲೇ ಗಟ್ಟಿಯಾಗಿದ್ದವು. ಅವನ್ನು ಬದಿಗೆ ಉರುಳಿಸಿದಳು. ಮೂರನೆಯ ಚೀಲ ಎಳೆಯುವಾಗ ಅದರ ಇನ್ನೊಂದು ತುದಿ ಹಿಡಿದದ್ದು ಪಕ್ಕದ ಮನೆಯ ಹರಿಣಾಕ್ಷಿ. ಎಂಟು ಗಂಟೆಗೆ ಹದಿನೈದು ಹೆಂಗಸರಾದರು. ವಯಸ್ಸಾಯಿತೆಂದು ಕೆಲಸ ಬಿಟ್ಟಿದ್ದ ಗಾರೆ ಮೇಸ್ತ್ರಿ ಬಚ್ಚ ತನ್ನ ಕರಣೆ, ನೂಲು ಹಿಡಿದುಕೊಂಡು ಬಂದು, ಜವುಗಿಗೆ ಮೊದಲು ಕಲ್ಲು ತುಂಬಿಸಿ ಎಂದು ಎಲ್ಲರನ್ನೂ ಬೈದ. ಮಧ್ಯಾಹ್ನದ ಹೊತ್ತಿಗೆ ಇಸ್ಪೀಟು ಬಿಟ್ಟು ಗಂಡಸರೂ ಎದ್ದು ಬಂದರು. ಎಲ್ಲರಿಗಿಂತ ಕೊನೆಗೆ ಬಂದ ಭೋಜ ಹೆಂಡತಿಯ ಮುಖ ನೋಡದೆ ಸಲಿಕೆ ಎತ್ತಿಕೊಂಡು ಜಲ್ಲಿ ಕಲಸತೊಡಗಿದ. ನಾಲ್ಕು ದಿನ ಕೆಲಸ, ಮತ್ತೆ ಏಳು ದಿನ ಒದ್ದೆ ಗೋಣಿ ಹೊದಿಸಿ ನೀರು ಕುಡಿಸಿದರು. ಆ ವರ್ಷ ತಡವಾಗಿದ್ದ ಮಳೆ ಅಲ್ಲಿಯವರೆಗೆ ಕಾದಿತು. ಹನ್ನೆರಡನೆಯ ದಿನ ಕಡಲ ಕಡೆಯಿಂದ ಒಂದೇ ಸಮನೆ ಹೊಡೆಯಿತು.

ಆ ಮಳೆಯಲ್ಲೇ ಪ್ರಖ್ಯಾತ್ ಬಂದ. ಕೊಡೆ ಹಿಡಿದು ದಾರಿಯ ಈ ತುದಿಯಿಂದ ಆ ತುದಿಗೆ ನಡೆದ, ಬಗ್ಗಿ ಅಂಚನ್ನು ಅಳೆದ. ಕೆಲಸದಲ್ಲಿ ತಪ್ಪಿಲ್ಲ ಎಂದ. ಆದರೆ ಸಿಮೆಂಟು ಕದ್ದಿದ್ದಾರೆಂದು ಗುತ್ತಿಗೆದಾರನಿಂದ ದೂರು ಬಂದಿತ್ತು. ಪ್ರಖ್ಯಾತ್ ಶೆಡ್ಡಿನ ಮರೆಗೆ ನಿಂತು ಫೈಲು ತೆರೆದ.

“ಸಿಮೆಂಟ್ ಹಾಳಾಯ್ತ್ ಅಂದೇ ಬರಿತೆ, ವನಜಕ್ಕ. ಯಾರಿಗೂ ಕೇಸ್ ಇಲ್ಲೆ.”

ಹಾಗಾದರೆ ಈ ದಾರಿ ಏನಾಗುತ್ತದೆ ಎಂದು ಅವಳು ಕೇಳಿದಳು. ಕಾಗದದಲ್ಲಿ ದಾರಿ ಇರುವುದಿಲ್ಲ, ನೆಲದ ಮೇಲೆ ಇರುತ್ತದಲ್ಲ, ಅಷ್ಟು ಸಾಕಲ್ಲವೇ ಎಂದು ಅವನು ಅಂದ. ಅವನು ಒಳ್ಳೆಯದಕ್ಕೇ ಹೇಳುತ್ತಿದ್ದಾನೆಂದು ವನಜಳಿಗೆ ಗೊತ್ತಾಯಿತು. ಹೂಂ ಅಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಹಿಂದೆ ನಿಂತಿದ್ದ ಹೆಂಗಸರು ಅವಳನ್ನೇ ನೋಡುತ್ತಿದ್ದರು.

“ಸಿಮೆಂಟ್ ಹಾಳ್ ಮಾಡ್ದ್ ಊರಿಗೆ ಮತ್ತೊಂದ್ ಸಲ ಯಾರ್ ಕೊಡ್ತ್ರ್? ಕೇಸ್ ಹಾಕಿ, ಅಡ್ಡಿಲ್ಲೆ. ದಾರಿ ಆಯ್ತ್ ಅಂದೇ ಬರಿನಿ.”

ಆಯಿತೆಂದು ಬರೆದರೆ ಮಾಡಿದವರ ಹೆಸರೂ ಬರೆಯಬೇಕಾಗುತ್ತದೆ ಎಂದ ಪ್ರಖ್ಯಾತ್. ಪೊಲೀಸರು ಮೊದಲು ನೋಡುವುದೂ ಅದನ್ನೇ.

ಭೋಜ ಹೆಂಗಸರ ನಡುವಿನಿಂದ ದಾರಿ ಮಾಡಿಕೊಂಡು ಮುಂದೆ ಬಂದ. ಹೆಂಡತಿ ಬಾಯಿ ತೆರೆಯುವ ಮೊದಲೇ ಹೇಳಿದ: “ಮೊದ್ಲ್ ನನ್ನ್ ಹೆಸ್ರ್ ಬರ್ಕಣಿ. ಭೋಜ.”

ವನಜ ತನ್ನದು ಹೇಳಿದಳು. ಹರಿಣಾಕ್ಷಿ ಹೇಳಿದಳು. ಬಚ್ಚ ತನ್ನ ಹೆಸರಿನ ಮುಂದೆ ಮೇಸ್ತ್ರಿ ಎಂದು ಸೇರಿಸಬೇಕೆಂದ. ಕೇರಿಯ ಕಡೆಯಿಂದ ಇನ್ನೂ ಕೆಲವರು ಕೊಡೆ ಹಿಡಿದು, ಪ್ಲಾಸ್ಟಿಕ್ ಹೊದ್ದು ಹೊಸ ದಾರಿಯ ಮೇಲೆ ಬರುತ್ತಿದ್ದರು. ಫೈಲಿನ ಹಾಳೆಯಲ್ಲಿ ಗುತ್ತಿಗೆದಾರರ ಹೆಸರು ಎಂದು ಅಚ್ಚಾಗಿದ್ದಲ್ಲಿ ಒಂದೇ ಗೆರೆಯಷ್ಟು ಜಾಗವಿತ್ತು. ಪ್ರಖ್ಯಾತ್ ಅಕ್ಷರ ಸಣ್ಣದು ಮಾಡಿಕೊಂಡು ಬರೆದ. ಆರನೆಯ ಹೆಸರಿಗೆ ಹಾಳೆ ಮಗುಚಿದ.