ಜೇನಿಗೂ ಆರತಿ

ರಾಣಿ ಜೇನು ಧನುಶ್ರೀಯ ಬರಿಗೈಯಿಂದ ಇಳಿದು ಹೊಸ ಪೆಟ್ಟಿಗೆಯ ಕಿಂಡಿಯೊಳಕ್ಕೆ ನಡೆದೇಬಿಟ್ಟಿತು. ಅದರ ಹಿಂದೆಯೇ ಸಾವಿರಾರು ನೊಣಗಳು ಗುಂಯ್‌ಗುಡುತ್ತ ನುಗ್ಗಿದವು.

"ಅತ್ತೇ, ಬಂದ್ವು! ಎಲ್ಲಾ ಒಳಕ್ಕೋದ್ವು!" ಮುಖಕ್ಕೆ ಸುತ್ತಿದ್ದ ಸೊಳ್ಳೆಪರದೆಯೊಳಗಿಂದಲೇ ಅವಳು ಕೂಗಿದಳು.

ಕೊಟ್ಟಿಗೆಯಿಂದ ಸಾಕಮ್ಮ ಆರತಿ ತಟ್ಟೆ ಹಿಡಿದು ಓಡೋಡಿ ಬಂದಳು. ಹೆಡತಲೆ ಊರಿನ ಈ ಒಂದೆಕರೆ ತೋಟಕ್ಕೆ ಹೊಸದಾಗಿ ಯಾವ ಜೀವ ಬಂದರೂ ಆರತಿ ಎತ್ತದೆ ಒಳಗೆ ಬಿಡುವವಳಲ್ಲ ಅವಳು. ಸಂತೆಯಿಂದ ಬಂದ ಹಸುವಿಗೆ ಎತ್ತಿದ್ದಳು, ಮೇಕೆಗಳಿಗೆ ಎತ್ತಿದ್ದಳು, ಕುಕ್ಕೆಯಲ್ಲಿ ಬಂದ ಆರು ಕೋಳಿಗಳಿಗೂ ಎತ್ತಿದ್ದಳು. ಎರಡು ವರ್ಷದ ಹಿಂದೆ ಮಗ ಯಾರಿಗೂ ಹೇಳದೆ ರಿಜಿಸ್ಟರ್ ಮದುವೆಯಾಗಿ ಕರೆತಂದ ಸೊಸೆಗೆ ಮಾತ್ರ, ಸಿಟ್ಟಿನಲ್ಲಿ, ಎತ್ತಿರಲಿಲ್ಲ.

"ಕರ್ಪೂರ ಅಚ್ಚಬ್ಯಾಡಿ ಅತ್ತೆ, ಒಗೆಗೆ ಎದ್ದೋಯ್ತವೆ."

"ಬರೀ ನೀರಾರತಿ ಕಣವ್ವ," ಎಂದ ಸಾಕಮ್ಮ, ಅರಿಸಿನ ಸುಣ್ಣ ಕದಡಿದ ಕೆಂಪು ನೀರಿನ ತಟ್ಟೆಯನ್ನು ಪೆಟ್ಟಿಗೆಯ ಮುಂದೆ ಮೂರು ಸುತ್ತು ತಿರುಗಿಸಿದಳು. ಅದನ್ನು ಚೆಲ್ಲಲು ದಾರಿ ಬಿಡೋಣವೆಂದು ಧನುಶ್ರೀ ಪಕ್ಕಕ್ಕೆ ಸರಿದಳು.

"ಎಲ್ಲಿಗೋಯ್ತೀಯಮ್ಮಿ, ನಿಂತ್ಕೊ! ಮೊಕದ ಮ್ಯಾಲಿನ ಬಟ್ಟೆ ತಗಿ."

ಧನುಶ್ರೀ ಪರದೆ ಸರಿಸಿದಳು. ಸಾಕಮ್ಮ ತಟ್ಟೆಯನ್ನು ಅವಳ ಮುಖದ ಮುಂದೆ ಮತ್ತೆ ಮೂರು ಸುತ್ತು ತಿರುಗಿಸಿ, ಕೆಂಪು ನೀರಲ್ಲಿ ಬೆರಳದ್ದಿ, ಸೊಸೆಯ ಹಣೆಗೆ ಬೊಟ್ಟಿಟ್ಟಳು.